ಮೇಫ್ಲೈ ಬಂದರೆ ಬೈಯಬೇಡಿ

ಜುಲೈ ಬಂತೆಂದರೆ ಲಾ ಕ್ರಾಸ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಗೋಳು, ಮೇಫ್ಲೈ ಅನ್ನುವ ರೆಕ್ಕೆಹುಳ. ವಿಸ್ಕಾನ್ಸಿನ್‌ನಲ್ಲಿ ಮಿಸಿಸಿಪ್ಪಿ ದಡದ ಊರು ಇದು. ಕತ್ತಲಾಗುತ್ತಲೇ ಹುಳ ನದಿಯಿಂದೆದ್ದು ಬೀದಿದೀಪ, ಗೋಡೆ, ಕಾರಿನ ಗಾಜು ಎಲ್ಲಕ್ಕೂ ಮುತ್ತಿಕೊಳ್ಳುತ್ತದೆ. ನಮ್ಮ ಕಡೆ ಮೊದಲ ಮಳೆಗೆ ದೀಪಕ್ಕೆ ಬರುವ ಹುಳ ಇದರ ಮುಂದೆ ಏನೇನೂ ಅಲ್ಲ. ಬೆಳಿಗ್ಗೆ ನೋಡಿದರೆ ಸೇತುವೆ ಮೇಲೆ ಸತ್ತ ಹುಳದ ರಾಶಿ, ಕೊಳೆತ ಮೀನಿನ ನಾತ. 2014ರ ಜುಲೈ 20ರ ರಾತ್ರಿಯಂತೂ ಹವಾಮಾನ ಇಲಾಖೆಯ ರೇಡಾರಿನಲ್ಲಿ ಇವು ಮಳೆಯ ಹಾಗೇ ಕಾಣಿಸಿಕೊಂಡಿದ್ದವು.

"ಔಷಧಿ ಹೊಡೆಸಬಾರದೇನ್ರೀ?" ಅಂತ ಗೆಳೆಯರೊಬ್ಬರು ಕೇಳಿದರು. ನನ್ನನ್ನು ಕೇಳಿದರೆ, ಹೆದರಬೇಕಾದ್ದು ಹುಳ ಬಾರದ ವರ್ಷಕ್ಕೆ.

ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಇದರ ಆಯುಸ್ಸು, ತಿನ್ನಲು ಕೆಲಸಕ್ಕೆ ಬರುವ ಬಾಯಿ ಕೂಡ ಇರುವುದಿಲ್ಲ. ಬದುಕೆಲ್ಲ ಕಳೆಯುವುದು ನದಿಯ ತಳದ ಕೆಸರಿನಲ್ಲಿ. ಒಂದೆರಡು ವರ್ಷ ಮರಿಹುಳ ಅಲ್ಲೇ ಬಿಲ ತೋಡಿಕೊಂಡು, ಹೊಟ್ಟೆಯ ಪಕ್ಕದ ಗರಿಯಂಥ ಕಿವಿರು ಆಡಿಸುತ್ತ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆ ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೆ ಅಲ್ಲೇ ಸಾವು. ಪರೀಕ್ಷೆಗೆಂದು ಬಾಟಲಿಯಲ್ಲಿ ಹಿಡಿದ ನೀರು ಆ ಹೊತ್ತಿನ ಕಥೆ ಹೇಳೀತು. ಈ ಹುಳ ಹೇಳುವುದು ಇಡೀ ವರ್ಷದ್ದು, ಅದೂ ಯಾರೂ ಇಣುಕದ ತಳದ್ದು.

ಇದನ್ನು ಸೊಗಸಾಗಿ ಬಳಸಿಕೊಂಡವರು ಪಕ್ಕದ ವಿನೋನಾದ ಪ್ರಾಧ್ಯಾಪಕ ಕ್ಯಾಲ್ವಿನ್ ಫ್ರೆಮ್ಲಿಂಗ್. 1950ರ ದಶಕದ ಕೊನೆಯಲ್ಲಿ ದೋಣಿಯ ಕ್ಯಾಪ್ಟನ್‌ಗಳಿಗೂ ದೋಣಿಗಳನ್ನು ಏರಿಸಿ ಇಳಿಸುವ ನದಿಯ ಲಾಕ್‌ಗಳಲ್ಲಿ ಕೆಲಸ ಮಾಡುವವರಿಗೂ ಹೇಳಿ, ಹುಳ ಎಲ್ಲಿ, ಯಾವತ್ತು ಕಂಡಿತೆಂದು ಬರೆಸಿಕೊಂಡರು. ನದಿಯ ಮೇಲ್ಗಡೆಯ ಸೇಂಟ್ ಪಾಲ್ ನಗರದಿಂದ ಕೆಳಕ್ಕೆ ಪೆಪಿನ್ ಸರೋವರದವರೆಗೆ ಹುಳದ ಸುದ್ದಿಯೇ ಇಲ್ಲ. ಕಾರಣ, ಮಹಾನಗರದ ಕೊಳಚೆ. ಕೊಳಚೆ ಶುದ್ಧೀಕರಣ ಸುಧಾರಿಸಿದ ಮೇಲೆ, 1980ರ ದಶಕದಲ್ಲಿ, ಅಲ್ಲೂ ಹುಳ ಎದ್ದಿತು.

ಹಾಗಂತ ಹುಳ ಬಂತು, ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯಬಹುದು ಅಂತಲ್ಲ. ಹೆಕ್ಸಜೀನಿಯಾ ಅನ್ನುವ ಇಲ್ಲಿನ ಮೇಫ್ಲೈಗೆ ಒಂದಿಷ್ಟು ಸಾರವಿರುವ ಕೆಸರೇ ಇಷ್ಟ. ತಳದಲ್ಲಿ ಉಸಿರಾಡಲು ಆಗುತ್ತಿದೆ ಅನ್ನುವುದಕ್ಕಷ್ಟೇ ಅದು ಸಾಕ್ಷಿ.

ಆ ಸಾಕ್ಷಿಯೂ ಈಗ ಕಮ್ಮಿಯಾಗುತ್ತಿದೆ. 2020ರಲ್ಲಿ ಪ್ರಕಟವಾದ ರೇಡಾರ್ ಅಧ್ಯಯನದ ಪ್ರಕಾರ, ಮಿಸಿಸಿಪ್ಪಿಯ ಮೇಲ್ಭಾಗದಲ್ಲಿ 2012ರಿಂದ 2019ರೊಳಗೆ ಇವು ಅರ್ಧಕ್ಕಿಂತ ಹೆಚ್ಚು ಇಳಿದಿವೆ. ಅನುಮಾನ ಇರುವುದು ನೀರು ಬಿಸಿಯಾಗುತ್ತಿರುವುದರ ಮೇಲೆ, ಪಾಚಿಯ ಮೇಲೆ, ಹೊಲಗಳಿಂದ ಹರಿದು ಬರುವ ಕೀಟನಾಶಕದ ಮೇಲೆ. ಔಷಧಿ ಹೊಡೆಸಿ ಅನ್ನುವವರು ಇದನ್ನೊಂದು ಗಮನಿಸಬೇಕು.

ಹುಳ ಏಳುವ ರಾತ್ರಿ ಅಂಗಳದ ದೀಪ ಆರಿಸಿ, ಸೇತುವೆ ಮೇಲೆ ನಿಧಾನಕ್ಕೆ ಹೋಗಿ. ಅಂದಹಾಗೆ ವೈಪರ್ ಮಾತ್ರ ಹಾಕಬೇಡಿ, ಆಮೇಲೆ ಗಾಜಿನಾಚೆ ಏನೂ ಕಾಣುವುದಿಲ್ಲ.