ಆ ಹೂವಿನ ಬುಡದಲ್ಲಿ ಬೇಳೆ ಇದೆ ಕಣ್ರೀ

ನಿನ್ನೆ ಇಟಲಿಯ ಕಾಸ್ತೆಲ್ಲೂಚೊ ಬಯಲಿಂದ ಬಂದಾಗಿಂದ ತಲೆ ಕಾದಿದೆ, ಬರೆದು ಹಾಕದೆ ನಿದ್ದೆ ಬರಲ್ಲ. ಜುಲೈ ಬಂದ್ರೆ ನಾನು ಪೆರೂಜಾದಿಂದ ಆ ಬೆಟ್ಟ ಹತ್ತೋದು ನಿಮಗೆಲ್ಲ ಗೊತ್ತೇ ಇದೆ. 1452 ಮೀಟರ್ ಎತ್ತರದಲ್ಲಿ ಗುಡ್ಡದ ನೆತ್ತಿ ಮೇಲೆ ಮಧ್ಯಯುಗದ ಪುಟ್ಟ ಹಳ್ಳಿ, ಕೆಳಗೆ ದೊಡ್ಡ ಬಯಲು, ಬಯಲ ತುಂಬ ಕೆಂಪು ಗಸಗಸೆ ಹೂವು, ನೀಲಿ ಹೂವು, ಹಳದಿ ಹೂವು. ಅದರ ಮಧ್ಯ ಒಬ್ಬ ಹುಡುಗಿ ಅಂಗಾತ ಮಲಗಿದ್ದಾಳೆ, ಸುತ್ತ ನಾಲ್ಕು ಜನ ಹೊಲ ತುಳ್ಕೊಂಡು ಫೋಟೋ ತೆಗೀತಿದ್ದಾರೆ! ಹೊಟ್ಟೆ ಉರಿದುಹೋಯ್ತು.

ಅದು ಪಾರ್ಕ್ ಅಲ್ಲ, ಹೊಲ. ಕಣ್ಣಿಗೆ ಕಾಣೋ ಬಣ್ಣ ಎಲ್ಲ ಕಳೆ, ಬೆಳೆ ಇರೋದು ಕೆಳಗೆ, ಲೆಂತಿಕ್ಯಾ ಅಂತಾರೆ, ನಮ್ಮ ಚನ್ನಂಗಿ ಬೇಳೆ ಜಾತಿದೇ. ಅದರ ಹೂವು ಎಷ್ಟು ಚಿಕ್ಕದು ಅಂದ್ರೆ ಮಂಡಿಯೂರಿ ಕೂತ್ರೇನೇ ಕಾಣೋದು. ಕಳೆಗೆ ಔಷಧಿ ಹೊಡೆಯದೆ ಹಳೇ ಪದ್ಧತೀಲಿ ಬೆಳೀತಾರೆ, ಅದಕ್ಕೇ ಅಷ್ಟು ಹೂವು. ಬೇಳೆ ಬಿತ್ತೋರು ಇಲ್ಲ ಅಂದ್ರೆ ನೀವು ನೋಡಕ್ಕೆ ಬಂದಿರೋ ಹೂವೂ ಇಲ್ಲ, ಇಷ್ಟು ಸಣ್ಣ ವಿಷಯ ಯಾಕೆ ತಲೆಗೆ ಹೋಗಲ್ಲ?

ಟೂರಿಸ್ಟ್ ಬಂದ್ರೆ ತಾನೆ ಊರು ಬದುಕೋದು ಅಂತ ಜೊತೇಲಿದ್ದ ಸ್ನೇಹಿತರು ಕಾರಲ್ಲೇ ವಾದಕ್ಕೆ ನಿಂತ್ರು. ಬರಲಿ ಸ್ವಾಮಿ, ಬೇಡ ಅಂದೋರ್ಯಾರು, ರಸ್ತೆ ಅಂಚಲ್ಲಿ ನಿಂತ್ರೂ ಅದೇ ಹೂವು ಕಾಣುತ್ತಲ್ಲ! 2016ರ ಅಕ್ಟೋಬರ್ 30ರ ಬೆಳಗ್ಗೆ 6.5 ತೀವ್ರತೆಯ ಭೂಕಂಪಕ್ಕೆ ಆ ಊರು ಕುಸಿದು ಕಲ್ಲುರಾಶಿ ಆಯ್ತು, ರಸ್ತೆ ಕಿತ್ತೋಯ್ತು. ಆದ್ರೂ 2017ರ ಏಪ್ರಿಲ್‌ನಲ್ಲಿ ರೈತರು ಟ್ರ್ಯಾಕ್ಟರ್‌ಗಳನ್ನ ಸಾಲಾಗಿ ಮೇಲಕ್ಕೆ ಹತ್ತಿಸ್ಕೊಂಡು ಹೋಗಿ ಬಿತ್ತನೆ ಮಾಡಿದ್ರು. ಇರೋಕೆ ಮನೆ ಇಲ್ಲ, ಬಿತ್ತೋದು ಮಾತ್ರ ಬಿಡಲಿಲ್ಲ. ಅಂಥ ಹೊಲ ಅದು. ಅದರ ಮೇಲೆ ಮಲಗ್ತೀರಾ?

ಕಾಳು ನೋಡಿದ್ದೀರಾ? ಅಂಗೈಲಿ ಹಾಕ್ಕೊಂಡ್ರೆ ಸಾಸಿವೆಗಿಂತ ಸ್ವಲ್ಪ ದಪ್ಪ, ಹಸಿರು, ಕಂದು, ಹಳದಿ ಎಲ್ಲ ಕಲಸಿದ ಬಣ್ಣ. 1997ರಿಂದ ಯುರೋಪಿನ ಐಜಿಪಿ ಮಾನ್ಯತೆ ಇದೆ, ನಮ್ಮ ಜಿಐ ಟ್ಯಾಗ್ ಥರ. ನೆನೆಸೋದೇ ಬೇಡ, ಬೆಳ್ಳುಳ್ಳಿ, ಸೆಲರಿ ಹಾಕಿ ಬೇಯಿಸಿ ಮೇಲೆ ಆಲಿವ್ ಎಣ್ಣೆ ಬಿಟ್ರೆ ಸಾಕು, ಬೆಂದ್ರೂ ಸಿಪ್ಪೆ ಬಿಡಲ್ಲ. ಅಲ್ಲಿಯವರು ಕೆಳಗಿನ ನೋರ್ಚಾ ಊರಿನ ಹಂದಿ ಸಾಸೇಜ್ ಜೊತೆ ತಿಂತಾರೆ. ಹಿಂದೆ ಈ ಗಿಡಾನ ಕೈಯಲ್ಲೇ ಕಿತ್ತು ಕೊಯ್ಲು ಮಾಡ್ತಿದ್ದ ಹೆಂಗಸರಿಗೆ ಕಾರ್ಪಿರೀನೆ ಅಂತ ಹೆಸರೇ ಇತ್ತು. ಬಗ್ಗಿ ಬಗ್ಗಿ ಎಷ್ಟು ಸೊಂಟ ಬಿದ್ದೋಗಿರಬೇಡ.

ಒಂದು ಮಾತು ಇಲ್ಲಿವರೆಗೂ ಯಾರಿಗೂ ಹೇಳಿಲ್ಲ. ಮೊದಲನೇ ವರ್ಷ ನಾನೂ ಒಳಗೆ ಇಳಿದಿದ್ದೆ. ಒಬ್ಬ ಅಜ್ಜ ಬಂದ್ರು, ಬೈಲಿಲ್ಲ, ನನ್ನ ಕಾಲಡಿ ಮುರಿದಿದ್ದ ಗಿಡ ಎತ್ತಿ ಕಾಯಿ ಬಿಡಿಸಿ ನನ್ನ ಅಂಗೈಲಿಟ್ರು. ಎರಡು ಹಸಿ ಕಾಳು. ನಮ್ಮಜ್ಜಿ ಅಂಗಳದಲ್ಲಿ ಬಿದ್ದ ಹೆಸರುಕಾಳನ್ನ ಒಂದೊಂದಾಗಿ ಆರಿಸ್ತಿದ್ದಿದ್ದು ಜ್ಞಾಪಕಕ್ಕೆ ಬಂದು ಮುಖ ಎತ್ತೋಕಾಗ್ಲಿಲ್ಲ.

ನಿನ್ನೆ ನಾನೂ ಹಾಗೇ ಮಾಡಿದೆ. ಮುರಿದ ಗಿಡದ ಕಾಯಿ ಬಿಡಿಸಿ ಆ ಹುಡುಗಿ ಕೈಲಿಟ್ಟೆ. ನೋಡಿದ್ಲು, ಸಾರಿ ಅಂದ್ಲು, ಎದ್ದು ಪಕ್ಕದ ಹೊಲಕ್ಕೆ ಹೋಗಿ ಮಲಗಿದ್ಲು.