ಸ್ಟಾರ್ ಕೊಟ್ಟರೆ ಮಕ್ಕಳು ಸುಮ್ಮನಿರುತ್ತಾರಾ?

ಪ್ರಶ್ನೆ ಇಷ್ಟೇ: ಕ್ಲಾಸಿನಲ್ಲಿ ಮಕ್ಕಳ ನಡವಳಿಕೆ ತಿದ್ದಲು ಸ್ಟಾರ್, ಪಾಯಿಂಟ್, ಬಹುಮಾನದ ಪದ್ಧತಿ ಬೇಕಾ?

ಪರ: ಬೆತ್ತ ಹೋಯಿತು, ಬೊಬ್ಬೆ ಉಳಿಯಿತು

ಜುಲೈಯಲ್ಲಿ ಉಡುಪಿಯ ಯಾವುದಾದರೂ ಶಾಲೆಯ ನಾಲ್ಕನೇ ಕ್ಲಾಸಿಗೆ ಒಮ್ಮೆ ಹೋಗಿ ನೋಡಿ. ಹೊರಗೆ ಜಡಿಮಳೆ, ಆಟದ ಪಿರಿಯಡ್ ಕೂಡ ಒಳಗೇ, ಮೂಲೆಯಲ್ಲಿ ನೀರಿಳಿಯುವ ಕೊಡೆಗಳ ರಾಶಿ, ನಲ್ವತ್ತು ಮಕ್ಕಳು. ಟೀಚರ ಸ್ವರ ಮೂರನೇ ಬೆಂಚು ದಾಟುವುದಿಲ್ಲ. ಮುಂಚೆ ಆದರೆ ಮೇಜಿನ ಮೇಲೆ ನಾಗರಬೆತ್ತ ಇರುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು, ಒಳ್ಳೆಯದೇ ಆಯಿತು. ಆದರೆ ಬೆತ್ತದ ಜಾಗಕ್ಕೆ ಬಂದದ್ದೆಂತ? ಬೊಬ್ಬೆ.

ಬೊಬ್ಬೆ ಹಾಕಿ ಪ್ರಯೋಜನ ಇಲ್ಲ. ಗಲಾಟೆ ಮಾಡುವ ಹುಡುಗನಿಗೆ ಬೇಕಾದದ್ದೇ ಅದು, ಟೀಚರ್ ಪಾಠ ಬಿಟ್ಟು ತನ್ನ ಕಡೆ ತಿರುಗಬೇಕು. ಯಾವುದಕ್ಕೆ ಫಲ ಸಿಗುತ್ತದೋ ಅದು ಜಾಸ್ತಿಯಾಗುತ್ತದೆ, ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಹೇಳಿದ್ದೂ ಇದನ್ನೇ. 1968ರಲ್ಲಿ ಅಲ್ಲಿಯ ಸಂಶೋಧಕರಾದ ಮ್ಯಾಡ್ಸೆನ್, ಬೆಕರ್, ಥಾಮಸ್ ಇದನ್ನು ತರಗತಿಯಲ್ಲೇ ಪರೀಕ್ಷಿಸಿದರು. ಬರೀ ನಿಯಮ ಹೇಳಿದ್ದರಿಂದ ಹೆಚ್ಚೇನೂ ಆಗಲಿಲ್ಲ. ಸಣ್ಣಪುಟ್ಟ ತಂಟೆಯನ್ನು ಕಂಡೂ ಕಾಣದಂತೆ ಬಿಟ್ಟು, ಸರಿ ಮಾಡಿದಾಗ ಹೊಗಳಿದ ಮೇಲೆ ಗಲಾಟೆ ಇಳಿಯಿತು.

ಮರುವರ್ಷ ಕಾನ್ಸಾಸ್‌ನ ಒಂದು ನಾಲ್ಕನೇ ಕ್ಲಾಸಿನಲ್ಲಿ ಮಕ್ಕಳನ್ನು ಎರಡು ತಂಡ ಮಾಡಿದರು. ಎದ್ದು ಓಡಾಡಿದರೆ, ಮಧ್ಯೆ ಮಾತಾಡಿದರೆ ಬೋರ್ಡಿನಲ್ಲಿ ಆ ತಂಡಕ್ಕೊಂದು ಗೀಟು. ಕಮ್ಮಿ ಗೀಟು ಬಿದ್ದವರು ಗೆದ್ದರು, ಎರಡೂ ತಂಡಕ್ಕೆ ಕಮ್ಮಿ ಬಿದ್ದರೆ ಇಬ್ಬರೂ ಗೆದ್ದರು. ಮುಂದೆ ಬಾಲ್ಟಿಮೋರ್‌ನಲ್ಲಿ ಒಂದನೇ ಕ್ಲಾಸಿನವರಿಗೆ ಇದೇ ಆಟ ಆಡಿಸಿ, ಅವರು ದೊಡ್ಡವರಾಗುವ ತನಕ ಗಮನಿಸಿದರು. ಮೊದಲು ಜಗಳಗಂಟರಾಗಿದ್ದ ಹುಡುಗರಲ್ಲಿ, ಈ ಆಟ ಆಡದ ಅಂಥವರಿಗಿಂತ ಡ್ರಗ್ಸ್ ಚಟ ಕಮ್ಮಿ ಇತ್ತು. ಸೀಮೆಸುಣ್ಣದ ಖರ್ಚಿಗೆ ಇದಕ್ಕಿಂತ ಜಾಸ್ತಿ ಏನು ಬೇಕು ಮಾರಾಯ್ರೇ?

ಬಹುಮಾನ ಎಂದರೆ ಚಾಕಲೇಟೇ ಆಗಬೇಕಂತಿಲ್ಲ. ಗಂಟೆ ಹೊಡೆಯುವ ಕೆಲಸ ಕೊಡಿ, ಸ್ಟಾಫ್ ರೂಮಿನಿಂದ ಚಾಕ್ ತರಲು ಕಳುಹಿಸಿ, ಮಕ್ಕಳು ಅದಕ್ಕೇ ಹೊಡೆದಾಡುತ್ತಾರೆ. ಹೊಗಳುವಾಗಲೂ ಸುಮ್ನೆ ‘ಗುಡ್’ ಅನ್ನಬೇಡಿ, ‘ಕೈ ಎತ್ತಿ ಕಾದೆಯಲ್ಲ, ಅದು ನನಗೆ ಖುಷಿಯಾಯಿತು’ ಎಂದು ಮಾಡಿದ್ದನ್ನೇ ಹೆಸರಿಸಿ ಹೇಳಿ. ಒಂದು ಎಚ್ಚರ. ತಂಟೆಯನ್ನು ಗಮನಿಸದೆ ಬಿಟ್ಟಾಗ ಮೊದಮೊದಲು ಅದು ಇನ್ನೂ ಏರುತ್ತದೆ, ಹೆಚ್ಚಿನವರು ಅಲ್ಲೇ ಸೋತು ಪುನಃ ಬೊಬ್ಬೆಗೆ ಇಳಿಯುತ್ತಾರೆ. ತಡೆದುಕೊಂಡರೆ ಇಳಿಯುತ್ತದೆ, ಆಮೇಲೆ ಬಹುಮಾನವನ್ನೂ ನಿಧಾನಕ್ಕೆ ಕಮ್ಮಿ ಮಾಡುತ್ತಾ ಬರಬಹುದು.

ವಿರೋಧ: ‘ಟೀಚರ್, ಇದಕ್ಕೆ ಸ್ಟಾರ್ ಉಂಟಾ?’

ಮಕ್ಕಳು ಸುಮ್ಮನಾಗುತ್ತಾರೆ, ಒಪ್ಪಿದೆ. ಸುಮ್ಮನಾದರೆ ಕಲಿತ ಹಾಗಾಯಿತಾ? 1972ರಲ್ಲಿ ನಡವಳಿಕೆ ತಿದ್ದುವ ಇದೇ ಕ್ಷೇತ್ರದ ಸಂಶೋಧಕರಾದ ವಿನೆಟ್ ಮತ್ತು ವಿಂಕ್ಲರ್, ನಮ್ಮವರ ಪ್ರಯೋಗಗಳೆಲ್ಲ ಮಕ್ಕಳನ್ನು ಅಲ್ಲಾಡದೆ, ಬಾಯಿ ಮುಚ್ಚಿ, ಹೇಳಿದ್ದು ಕೇಳಿಕೊಂಡು ಕೂರಿಸುವುದಕ್ಕೇ ಆಯಿತಲ್ಲ ಎಂದು ಬರೆದರು. ಹೊರಗಿನವರ ಟೀಕೆ ಅಲ್ಲ ಅದು.

ಮರುವರ್ಷ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸುವ ಹುಚ್ಚಿದ್ದ ನರ್ಸರಿ ಮಕ್ಕಳಿಗೆ, ಬಿಡಿಸಿದರೆ ರಿಬ್ಬನ್ ಹಾಕಿದ ಸರ್ಟಿಫಿಕೇಟ್ ಕೊಡುತ್ತೇವೆ ಎಂದರು. ಕೆಲವು ದಿನ ಬಿಟ್ಟು ನೋಡಿದರೆ, ಆ ಮಕ್ಕಳು ಸ್ಕೆಚ್ ಪೆನ್ ಹಿಡಿಯುತ್ತಿದ್ದದ್ದು ಉಳಿದವರ ಹೆಚ್ಚುಕಮ್ಮಿ ಅರ್ಧದಷ್ಟು ಹೊತ್ತು ಮಾತ್ರ. ಮೊದಲೇ ಹೇಳದೆ ಕೊಟ್ಟಾಗ ಹೀಗಾಗಲಿಲ್ಲ, ಆಸೆ ತೋರಿಸಿದ್ದೇ ಎಡವಟ್ಟಾಯಿತು. ಮೊದಲೇ ಇಷ್ಟವಿಲ್ಲದ ಕೆಲಸಕ್ಕೆ ಈ ನಷ್ಟ ಇಲ್ಲ ಅನ್ನಿ. ಆದರೆ ಕ್ಲಾಸಿನಲ್ಲಿ ಯಾವ ಮಗುವಿಗೆ ಯಾವುದು ಇಷ್ಟ ಎಂದು ನೋಡಿ ಯಾರು ಹಂಚುತ್ತಾರೆ, ಎಲ್ಲಕ್ಕೂ ಸ್ಟಾರೇ.

ಸ್ಟಾರ್ ಅಂಟಿಸುವ ಗೋಡೆಯ ಚಾರ್ಟಿನ ಕಥೆ ಇನ್ನೊಂದು. ಕೆಳಗಿನ ಸಾಲಿನಲ್ಲಿ ವರ್ಷವಿಡೀ ಅದೇ ಎರಡು ಹೆಸರಿನ ಮುಂದೆ ಖಾಲಿ. ಪೇರೆಂಟ್ಸ್ ಮೀಟಿಂಗಿಗೆ ಬಂದವರೆಲ್ಲ ಅದನ್ನು ಓದಿ ಹೋಗುತ್ತಾರೆ. ಅದೇ 17ನೇ ಸೆಕ್ಷನ್ನಿನ ಮಾನಸಿಕ ಹಿಂಸೆಗೆ ಇದು ಎಷ್ಟು ದೂರ? ತಂಡದ ಆಟದಲ್ಲಿ ಇನ್ನೂ ಕಷ್ಟ. ಯಾರಿಂದ ಗೀಟು ಬಿತ್ತು ಎಂಬುದು ಎಲ್ಲರಿಗೂ ಗೊತ್ತು, ಸಂಜೆ ಶಾಲಾ ವ್ಯಾನಿನಲ್ಲಿ ಅವನ ಪಕ್ಕ ಯಾರೂ ಕೂರುವುದಿಲ್ಲ.

ಆ ಹುಡುಗ ಯಾಕೆ ಎದ್ದು ಓಡಾಡುತ್ತಾನೆ ಅಂತ ಕೇಳಿದವರು ಯಾರು? ಮಂಗಳೂರಿನಲ್ಲಿ ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಮಾತಾಡಿ, ನೇರ ಇಂಗ್ಲಿಷ್ ಮೀಡಿಯಮ್ಮಿಗೆ ಬಂದು ಕೂತ ಮಕ್ಕಳು ಎಷ್ಟು ಬೇಕು? ಪಾಠ ತಲೆಗೆ ಹೋಗದಿದ್ದರೆ ದೊಡ್ಡವರಾದ ನಾವೂ ಮೊಬೈಲ್ ತೆಗೆಯುತ್ತೇವೆ. ಇನ್ನೊಬ್ಬಳಿಗೆ ಬೋರ್ಡೇ ಕಾಣುವುದಿಲ್ಲ, ಅದಕ್ಕೆ ಪಕ್ಕದವಳ ಪುಸ್ತಕ ಇಣುಕುತ್ತಾಳೆ. ಅವಳಿಗೆ ಬೇಕಾದದ್ದು ಕನ್ನಡಕ.

ನಲ್ವತ್ತು ಮಕ್ಕಳು ಎಂದಿರಿ. ಅದೇ ಕಾಯ್ದೆಯ ಲೆಕ್ಕದಲ್ಲಿ ಐದನೇ ಕ್ಲಾಸಿನ ತನಕ 30 ಮಕ್ಕಳಿಗೊಬ್ಬರು ಟೀಚರ್ ಇರಬೇಕು. ಅದನ್ನು ಕೇಳಬೇಕಾದವರು ಸ್ಟಿಕರ್ ಖರೀದಿಸಿ ಕೂತಿದ್ದೇವೆ. ತೀರಾ ಕಷ್ಟದ ಒಂದು ಮಗುವಿಗೆ, ಮನೆಯವರ ಜೊತೆ ಮಾತಾಡಿ, ಕೆಲವು ವಾರದ ಮಟ್ಟಿಗೆ ಇಂಥದ್ದೊಂದು ಯೋಜನೆ ಹಾಕಿಕೊಂಡರೆ ನನ್ನ ತಕರಾರಿಲ್ಲ. ಆದರೆ ಆ ಲೆಕ್ಕ ಟೀಚರ ಡೈರಿಯೊಳಗೆ ಇರಲಿ, ಗೋಡೆಯ ಮೇಲೆ ಬೇಡ.