ಕಿಟಕಿಯ ಕೆಳಗಿನ ಪುಸ್ತಕ

ನಿನ್ನೆ ಮತ್ತೆ ಹಾಲು ಉಕ್ಕಿತು. ಒಲೆಯ ಮುಂದೆಯೇ ನಿಂತಿದ್ದೆ, ಆದರೂ ಉಕ್ಕಿತು. ಈ ಸಲದ ತಪ್ಪು ನನ್ನದಲ್ಲ, ಇಂಗ್ಲೆಂಡಿನ ರಾಣಿಯದು.

ಹಾಲು ಕಾಯುವಷ್ಟರಲ್ಲಿ ನಾಲ್ಕು ಪುಟ ಓದೋಣ ಅಂತ ಅಲನ್ ಬೆನೆಟ್ ಬರೆದ ‘ದಿ ಅನ್‌ಕಾಮನ್ ರೀಡರ್’ ಹಿಡಿದುಕೊಂಡಿದ್ದೆ. ಪುಟ್ಟ ಕಾದಂಬರಿ, 120 ಪುಟದ ಆಸುಪಾಸು. ಬಂದದ್ದು 2007ರಲ್ಲಿ. ಆಗ ಎರಡನೇ ಎಲಿಜಬೆತ್ 80 ದಾಟಿ ಗಟ್ಟಿಮುಟ್ಟಾಗಿ ಸಿಂಹಾಸನದ ಮೇಲೇ ಇದ್ದರು. ಬದುಕಿರುವ ರಾಣಿಯನ್ನೇ ಕಥೆಗೆ ಎಳೆದುಕೊಂಡ ಧೈರ್ಯ ನೋಡಿ!

ಕಥೆ ಶುರುವಾಗೋದು ನಾಯಿಗಳಿಂದ. ರಾಣಿಯ ಮೋಟುಗಾಲಿನ ಕೊರ್ಗಿಗಳು ಅರಮನೆಯ ಅಡುಗೆಮನೆ ಹತ್ತಿರ ನಿಂತ ವ್ಯಾನೊಂದನ್ನು ನೋಡಿ ಬೊಗಳುತ್ತವೆ. ಅದು ಸಂಚಾರಿ ಗ್ರಂಥಾಲಯ. ಗಲಾಟೆಗೆ ಕ್ಷಮೆ ಕೇಳೋಣ ಅಂತ ರಾಣಿ ವ್ಯಾನ್ ಹತ್ತುತ್ತಾರೆ. ಹತ್ತಿದ ಮೇಲೆ ಬರಿಗೈಲಿ ಇಳಿಯೋದು ಹೇಗೆ? ಪರಿಚಯದವರ ಸೀರೆ ಅಂಗಡಿಗೆ ಹೋಗಿ ಸಿಕ್ಕಿಹಾಕಿಕೊಂಡ ಹಾಗೆ. ದಾಕ್ಷಿಣ್ಯಕ್ಕೆ ಐವಿ ಕಾಂಪ್ಟನ್-ಬರ್ನೆಟ್ ಅವರ ಒಂದು ಪುಸ್ತಕ ತರುತ್ತಾರೆ. ಗಂಟಲಲ್ಲಿ ಇಳಿಯಲ್ಲ. ಆದರೂ ಪೂರ್ತಿ ಓದುತ್ತಾರೆ. ತಟ್ಟೆಗೆ ಬಡಿಸಿದ್ದನ್ನು ಬಿಡಬಾರದು ಅಂತ ಬೆಳೆಸಿದ್ದಾರಲ್ಲ! ಉಪ್ಪಿಟ್ಟಿನ ಮುಂದೆ ಕೂತು ನಾವೂ ಇದೇ ಕಾನೂನು ಕೇಳಿದವರು.

ಅದೃಷ್ಟ ಇರೋದು ಎರಡನೇ ಪುಸ್ತಕದಲ್ಲಿ. ನ್ಯಾನ್ಸಿ ಮಿಟ್‌ಫರ್ಡ್ ಅವರ ‘ದಿ ಪರ್ಸೂಟ್ ಆಫ್ ಲವ್’ ಕೈಗೆ ಸಿಕ್ಕಿ, ರಾಣಿ ಶೀತದ ನೆಪ ಹೇಳಿ ಹಾಸಿಗೆಯಲ್ಲೇ ಉಳಿಯುತ್ತಾರೆ. ಅವತ್ತು ಯಾವುದಾದರೂ ಭಾರೀ ಗ್ರಂಥ ಸಿಕ್ಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಎಂಟನೇ ಕ್ಲಾಸಿನಲ್ಲಿ ಬಹುಮಾನ ಅಂತ ಇಟ್ಟಿಗೆಯಂಥ ಒಂದು ಪುಸ್ತಕ ಕೊಟ್ಟಿದ್ದರು. ಗುರುತಿಗೆ ಇಟ್ಟ ಬಸ್ ಟಿಕೆಟ್ ಇವತ್ತಿಗೂ 11ನೇ ಪುಟದಲ್ಲೇ ಇದೆ.

ಆಮೇಲೆ ರಾಣಿ ಕೆಡುತ್ತಾ ಹೋಗುತ್ತಾರೆ. ಸಮಯಕ್ಕೆ ಸರಿಯಾಗಿ ಹೊರಡಲ್ಲ. ಸಿಕ್ಕವರನ್ನೆಲ್ಲ ‘ಏನು ಓದ್ತಿದ್ದೀರಿ?’ ಅಂತ ಕೇಳಿ ತಬ್ಬಿಬ್ಬು ಮಾಡುತ್ತಾರೆ. ನಾಯಿಗಳಿಗೂ ಹೊಟ್ಟೆಕಿಚ್ಚು, ಸಿಕ್ಕ ಕಾದಂಬರಿಗಳನ್ನು ಕಚ್ಚಿ ಹಾಕುತ್ತವೆ. ಆದರೆ ನಾನು ಮೂರು ಸಲ ತಿರುಗಿ ಓದಿದ್ದು ಸಾರೋಟಿನ ಭಾಗ. ಪಾರ್ಲಿಮೆಂಟಿಗೆ ಮೆರವಣಿಗೆ ಹೊರಟಿದೆ. ರಾಣಿ ಪುಸ್ತಕವನ್ನು ಕಿಟಕಿಯ ಮಟ್ಟಕ್ಕಿಂತ ಕೆಳಗೆ ಹಿಡಿದಿದ್ದಾರೆ. ಕಣ್ಣು ಪುಟದ ಮೇಲೆ, ಕೈ ಮಾತ್ರ ತನ್ನ ಪಾಡಿಗೆ ಜನರತ್ತ ಬೀಸುತ್ತಿದೆ. ಇಳಿಯುವಾಗ ಪುಸ್ತಕ ದಿಂಬಿನ ಹಿಂದೆ. ವಾಪಸ್ ಬಂದು ನೋಡಿದರೆ ಅದು ಮಾಯ. ಬಾಂಬ್ ಇರಬಹುದು ಅಂತ ಭದ್ರತೆಯವರು ಎತ್ತಿಕೊಂಡು ಹೋಗಿದ್ದಾರೆ, ಬಹುಶಃ ಸಿಡಿಸಿಯೂ ಆಗಿದೆ!

ಆ ಬೀಸುವ ಕೈಯನ್ನು ನಾನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಹೌದು, ನಮ್ಮಮ್ಮನದು. ಅಮ್ಮ ಓದಲಿಕ್ಕೆ ಅಂತ ಕೂತಿದ್ದನ್ನು ನಾನು ಕಂಡಿಲ್ಲ. ವಾರಪತ್ರಿಕೆ ಒಗ್ಗರಣೆ ಡಬ್ಬಿಗೆ ಒರಗಿ ನಿಂತಿರುತ್ತಿತ್ತು, ಎಡಗೈ ಹೆಬ್ಬೆರಳು ಪುಟ ಒತ್ತಿ ಹಿಡಿದಿರುತ್ತಿತ್ತು. ಬಲಗೈ ಸೌಟು ತಿರುವುತ್ತಿತ್ತು. ಹೊರಗಿನಿಂದ ಅಜ್ಜಿ ‘ಏನು ಮಾಡ್ತಿದ್ದೀಯೇ?’ ಅಂದರೆ ‘ಹುಳಿ ಕುದೀತಿದೆ’ ಅನ್ನುವ ಉತ್ತರ. ಸುಳ್ಳೇನಲ್ಲ, ಅಲ್ವಾ? ಸೌಟಿನ ವೇಗ ನೋಡಿಯೇ ಧಾರಾವಾಹಿ ಎಲ್ಲಿಗೆ ಬಂತು ಅಂತ ನಾನು ಹೇಳಬಲ್ಲವನಾಗಿದ್ದೆ. ಕೈ ಪೂರ್ತಿ ನಿಂತರೆ ಯಾರೋ ಸತ್ತರು ಅಂತ ಅರ್ಥ. ಆ ದಿನ ಹುಳಿ ತಳ ಹಿಡಿಯುತ್ತಿತ್ತು.

ಆಮೇಲೆ ಪತ್ರಿಕೆ ನನ್ನ ಪಾಲಿಗೆ ಬರುತ್ತಿತ್ತು. ಎಣ್ಣೆ ಸಿಡಿದು ಎರಡು ಪುಟ ಅಂಟಿಕೊಂಡಿರುತ್ತಿದ್ದವು. ಉಗುರಿನಿಂದ ಮೆಲ್ಲಗೆ ಬಿಡಿಸಿದರೆ, ಕೊಲೆಗಾರನ ಹೆಸರು ಇರಬೇಕಾದ ಜಾಗದಲ್ಲಿ ಒಂದು ಸಾಸಿವೆ.